ತೊಟ್ಟಿಲ ಬಳಿಯ ಕುಡುಗೋಲು

ಗವಿಪುರ, ಬೆಂಗಳೂರು
೧೧ ಫೆಬ್ರವರಿ ೧೯೧೨

ಅಕ್ಕನಿಗೆ ದ್ರೌಪದಿಯ ನಮಸ್ಕಾರ.

ಹೆಣ್ಣು ಮಗು ಹುಟ್ಟಿದ ವಿಷಯ ಇವರು ಬರೆದ ಕಾರ್ಡಿನಿಂದ ನಿನಗೆ ತಿಳಿದಿರಬೇಕು. ಮಗು ಚೆನ್ನಾಗಿದೆ. ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ಮೂಗು ನಮ್ಮ ಅಮ್ಮನದೇ ಎಂದು ಹಳೇ ನೆಂಟರು ಹೇಳಿ ಹೋದರು. ನನಗೆ ಅಮ್ಮನ ಮುಖ ಸರಿಯಾಗಿ ನೆನಪಿಲ್ಲ, ಆದ್ದರಿಂದ ಹೌದು ಅಂದೆ.

ಪ್ಲೇಗಿನಲ್ಲಿ ಅಮ್ಮ, ಅಪ್ಪ ಇಬ್ಬರೂ ಹೋದ ಮೇಲೆ ನನಗೆ ತವರೆಂದರೆ ನೀನೊಬ್ಬಳೇ. ನಿನಗೆ ಆಸ್ಪತ್ರೆಯವರು ರಜ ಕೊಡಲಿಲ್ಲ. ಚಿತ್ರದುರ್ಗದವರ ಹೆರಿಗೆಯನ್ನೆಲ್ಲ ಮಾಡಿಸುವವಳು ತಂಗಿಯ ಹೆರಿಗೆಗೆ ಬರಲಿಲ್ಲವಲ್ಲ ಎಂದು ಅತ್ತೆ ಅಂದರು. ಕೋಪದಿಂದ ಅಂದದ್ದಲ್ಲ. ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ನಿನ್ನಿಂದ ಒಂದು ಸಹಾಯ ಆಗಬೇಕು. ಇಲ್ಲಿ ಬಾಣಂತಿ ಕೋಣೆಯಲ್ಲಿ ಮಗುವಿನ ತಲೆದೆಸೆಗೆ ಕುಡುಗೋಲು ಇಡುತ್ತಾರೆ. ತೋಟದಲ್ಲಿ ಸೊಪ್ಪು ಕೊಯ್ಯುವ ಕುಡುಗೋಲೇ. ಕಬ್ಬಿಣ ಇದ್ದರೆ ಗಾಳಿ ಪೀಡೆ ಹತ್ತಿರ ಸುಳಿಯುವುದಿಲ್ಲವಂತೆ. ಅದನ್ನು ಅಲ್ಲಿಂದ ತೆಗೆಯಬೇಕೆಂದು ನೀನು ಅತ್ತೆಗೆ ಬರೆಯುತ್ತೀಯಾ? ಆಸ್ಪತ್ರೆಯಲ್ಲಿ ಹೀಗೆ ಇಡುವುದಿಲ್ಲ ಅಂದರೆ ಸಾಕು. ನಾನು ಕೇಳಿದೆನೆಂದು ಬರೆಯಬೇಡ. ಬೇಗ ಬರೆ.

ದ್ರೌಪದಿ


ಚಿತ್ರದುರ್ಗ
೧೭ ಫೆಬ್ರವರಿ ೧೯೧೨

ನಮ್ಮ ಹೊಸ ತಾಯಿಗೆ,

ಚಾಮರಾಜಪೇಟೆಯ ಶಾಲೆಗೆ ನಾನು ಎಳೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಮೂಗು ಸುರಿಸಿಕೊಂಡು ಬರುತ್ತಿದ್ದವಳು ಈಗ ಬಾಣಂತಿ ಕೋಣೆಗೆ ಕಾನೂನು ಮಾಡಲು ಹೊರಟಿದ್ದೀಯಾ! ಇರಲಿ, ನನಗೆ ಸಂತೋಷವೇ ಆಯಿತು. ಅಷ್ಟು ಶುಚಿ ನಮ್ಮ ಮನೆಯಲ್ಲಿ ಒಬ್ಬಳಿಗಾದರೂ ಬಂತಲ್ಲ.

ನಿಮ್ಮ ಅತ್ತೆಗೆ ಬೇರೆ ಕಾಗದ ಇಟ್ಟಿದ್ದೇನೆ. ನಿಮ್ಮ ಯಜಮಾನರು ಅರ್ಜುನಪ್ಪನವರು ಓದಿ ಹೇಳಲಿ. ತುಕ್ಕು ಹಿಡಿದ ಕಬ್ಬಿಣದಿಂದ ಎಳೆಗೂಸಿಗೆ ಧನುರ್ವಾಯು ಬರುತ್ತದೆ, ಹೊಕ್ಕುಳು ಒಣಗುವ ತನಕ ಬಹಳ ಜೋಪಾನ ಎಂದು ಸ್ವಲ್ಪ ಹೆದರಿಸಿಯೇ ಬರೆದಿದ್ದೇನೆ. ಇಲ್ಲಿ ಅಂಥದ್ದು ನೋಡಿದ್ದೇನೆ, ಸುಳ್ಳಲ್ಲ. ನಿನ್ನ ಹೆಸರು ಎತ್ತಿಲ್ಲ.

ಚೆನ್ನಾಗಿ ತಿನ್ನು. ಬರೀ ಮೆಣಸಿನ ಸಾರು ಕೊಟ್ಟರೆ ತಟ್ಟೆ ದೂಡಿ ಅನ್ನ ಕೇಳು. ಬಾಣಂತಿಯನ್ನು ಒಣಗಿಸುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ.

ಮುತ್ಯಾಲಮ್ಮ


ಗವಿಪುರ
೨ ಮಾರ್ಚ್ ೧೯೧೨

ಅಕ್ಕ,

ನಿನ್ನ ಕಾಗದವನ್ನು ಇವರು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಅತ್ತೆ ಎರಡು ಸಲ ಓದಿಸಿಕೊಂಡರು. ಆಮೇಲೆ, "ತುಕ್ಕು ತಾನೆ? ಅದಕ್ಕೇನಂತೆ" ಅಂದು ಕುಡುಗೋಲು ತೆಗೆದುಕೊಂಡು ಹೋದರು. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಇವರ ಕೈಲಿ ಸಾಣೆ ಹಿಡಿಸಿದರು. ಕುದಿಯುವ ನೀರಿನಲ್ಲಿ ಹಾಕಿ ತೆಗೆದರು. ತಂದು ಅಲ್ಲೇ ಇಟ್ಟರು. "ನಿಮ್ಮಕ್ಕ ಓದಿದೋಳು, ಅವಳ ಮಾತು ತೆಗೆದುಹಾಕೋಕಾಗ್ತದಾ?" ಅಂದರು.

ಈಗ ಅದು ಹೊಳೆಯುತ್ತದೆ. ನಾನು ಯಾವ ಮಗ್ಗುಲಿಗೆ ಮಲಗಿದರೂ ಕಾಣುತ್ತದೆ.

ಇನ್ನು ಆ ವಿಷಯ ಬರೆಯಬೇಡ. ಮಗುವಿಗೆ ಗಂಗಮ್ಮ ಎಂದು ಹೆಸರಿಟ್ಟಿದ್ದೇವೆ.

ದ್ರೌಪದಿ


ಚಿತ್ರದುರ್ಗ
೮ ಮಾರ್ಚ್ ೧೯೧೨

ದ್ರೌಪದಿಗೆ,

ನಕ್ಕು ನಕ್ಕು ಸಾಕಾಯಿತು. ವಾರ್ಡಿನ ಆಯಾಗಳಿಗೂ ಓದಿ ಹೇಳಿದೆ. ನಿಮ್ಮ ಅತ್ತೆ ಪಿಳ್ಳಮ್ಮನವರನ್ನು ಇಲ್ಲಿಗೆ ಕಳಿಸಿಕೊಡು, ನಮ್ಮ ಕತ್ತರಿ ಚಿಮಟಗಳನ್ನೆಲ್ಲ ಬೆಳಗಿಸುತ್ತೇನೆ. ಗಂಗಮ್ಮನಿಗೆ ಮುತ್ತು. ನೀನು ಯಾಕೆ ಇಷ್ಟು ಚುಟುಕಾಗಿ ಬರೆಯುತ್ತೀ? ಮಗು ಬಂದ ಮೇಲೆ ಅಕ್ಕ ಬೇಡವಾದಳೋ?

ಮುತ್ಯಾಲಮ್ಮ


ಗವಿಪುರ
೨೦ ಏಪ್ರಿಲ್ ೧೯೧೨

ಅಕ್ಕ,

ಇದನ್ನು ಓದಿ ಒಲೆಗೆ ಹಾಕು.

ನಾನು ಮಗುವನ್ನು ಕೊಂದುಬಿಡುತ್ತೇನೆಂದು ನನಗೆ ಅನ್ನಿಸುತ್ತದೆ. ಬರೆದೆ. ಬರೆಯಬಾರದೆಂದು ಇಷ್ಟು ದಿನ ಇದ್ದೆ. ಕುಡುಗೋಲು ಕಂಡರೆ ಸಾಕು, ನನ್ನ ಕೈ ಅದನ್ನು ತೆಗೆದುಕೊಂಡಂತೆ, ಆಮೇಲೆ ಆಗುವುದೆಲ್ಲ ಆದಂತೆ, ಕಣ್ಣ ಮುಂದೆ ಬರುತ್ತದೆ. ಮಗುವಿನ ಮೇಲೆ ಕೋಪವಿಲ್ಲ. ಹಾಲು ಕೊಡುತ್ತಾ, ಎಷ್ಟು ಚೆನ್ನಾಗಿದ್ದಾಳೆ ಎಂದು ನೋಡುತ್ತಿರುವಾಗಲೇ ಬರುತ್ತದೆ. ಛೆ ಎಂದು ತಲೆ ಕೊಡವಿದರೆ ಇನ್ನೂ ಜೋರಾಗಿ ಬರುತ್ತದೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಒಬ್ಬಳೇ ಇರುವುದಿಲ್ಲ. ಅತ್ತೆ ಹಿತ್ತಿಲಿಗೆ ಹೋದರೂ ಬೇಗ ಬನ್ನಿ ಎಂದು ಕೂಗುತ್ತೇನೆ.

ಹೋದ ತಿಂಗಳು ಕುಡುಗೋಲನ್ನು ಸೌದೆಯ ಅಡಿಯಲ್ಲಿ ಬಚ್ಚಿಟ್ಟೆ. ಅತ್ತೆ ಹುಡುಕಿ ತೆಗೆದರು. ಎರಡನೇ ಸಲ ಬಚ್ಚಿಟ್ಟಾಗ ನನ್ನ ಮುಖ ನೋಡಿದರು. ಕಬ್ಬಿಣ ಕಂಡರೆ ಹೆದರುತ್ತಾಳೆ, ಇವಳ ಮೈಮೇಲೆ ಏನೋ ಸೇರಿದೆ ಎಂದು ಅವರಿಗೆ ಗಟ್ಟಿಯಾಯಿತು. ಹೆದರುವುದು ನಾನಲ್ಲ, ಒಳಗಿರುವುದಂತೆ. ಈಗ ಹೊಸಲಿಗೆ ಮೊಳೆ ಹೊಡೆಸಿದ್ದಾರೆ. ನನ್ನ ಕೈಗೆ ಕಬ್ಬಿಣದ ಕಡಗ. ಇವರು ಸಿದ್ಧಿಕಟ್ಟೆಯ ಮಾರುಕಟ್ಟೆಗೆ ತರಕಾರಿ ಹಾಕಲು ಹೋದಾಗ ಒಬ್ಬ ಮಂತ್ರವಾದಿಯನ್ನೂ ಕರೆದುಕೊಂಡು ಬಂದರು. ಅವನು ಕುಡುಗೋಲನ್ನು ನನ್ನ ತಲೆಯ ಸುತ್ತ ನಿವಾಳಿಸಿ, ಇನ್ನೊಂದನ್ನು ತೊಟ್ಟಿಲಿಗೆ ಕಟ್ಟಲು ಹೇಳಿ ಹೋದ. ಕಟ್ಟಿದ್ದಾರೆ.

ನೀನು ಎಷ್ಟೋ ತಾಯಂದಿರನ್ನು ನೋಡಿದ್ದೀ. ನಾನು ಹಾಗೆ ಮಾಡುತ್ತೇನೆಯೇ? ಅದೊಂದನ್ನು ಬರೆ.

ದ್ರೌಪದಿ


ಚಿತ್ರದುರ್ಗ
೨೪ ಏಪ್ರಿಲ್ ೧೯೧೨

ನನ್ನ ಕಂದ,

ಮಾಡುವುದಿಲ್ಲ. ನೀನು ಖಂಡಿತ ಮಾಡುವುದಿಲ್ಲ. ಕೋಳಿಮರಿ ಸತ್ತರೆ ಊಟ ಬಿಡುತ್ತಿದ್ದವಳು ನೀನು. ನಿನ್ನ ಕೈಯಿಂದ ಆ ಕೆಲಸ ಆಗುವುದು ಸಾಧ್ಯವೇ ಇಲ್ಲ. ಹೆದರಿಕೆಯಾದಾಗ ಈ ಕಾಗದ ತೆಗೆದು ಓದಿಕೋ.

ಇನ್ನು ಇದಕ್ಕೆ ಸರಿಯಾಗಿ ಉತ್ತರ ಬರೆ. ಜ್ವರ ಇದೆಯೇ? ನಿದ್ದೆ ಬರುತ್ತದೆಯೇ? ಯಾರೋ ಮಾತಾಡಿದಂತೆ, ಹೀಗೆ ಮಾಡು ಎಂದು ಹೇಳಿದಂತೆ ಕೇಳಿಸುತ್ತದೆಯೇ? ಮಗು ನಿನ್ನದಲ್ಲ ಎಂದು ಎಂದಾದರೂ ಅನ್ನಿಸಿದೆಯೇ? ಸುಮ್ಮನೆ ಕೇಳುತ್ತಿದ್ದೇನೆ, ಗಾಬರಿಯಾಗಬೇಡ.

ಅಕ್ಕ


ಗವಿಪುರ
೬ ಮೇ ೧೯೧೨

ಅಕ್ಕ,

ಜ್ವರ ಇಲ್ಲ. ಯಾರ ದನಿಯೂ ಕೇಳುವುದಿಲ್ಲ. ಮಗು ನನ್ನದೇ. ಅದಕ್ಕೇ ಹೆದರಿಕೆ.

ನಿನ್ನ ಕಾಗದ ಬಂದ ದಿನ ಮೈಯೆಲ್ಲ ಹಗುರವಾಗಿತ್ತು. ಹೊಟ್ಟೆ ತುಂಬ ಉಂಡೆ. ಮರುದಿನ ಬೆಳಿಗ್ಗೆ ಒಂದು ಯೋಚನೆ ಬಂತು: ನೀನು ನೆನಸಿಕೊಂಡದ್ದು ಹಳೇ ದ್ರೌಪದಿಯನ್ನು. ಈಗಿನವಳನ್ನು ನೀನು ನೋಡಿಲ್ಲ. ನೋಡದೆ ಹೇಗೆ ಹೇಳುತ್ತೀ? ನನ್ನ ಕೈ ಒಂದು ದಿನ ತೊಟ್ಟಿಲಿನ ಕಡೆಗೆ ಹೋದದ್ದು ನಿಜ, ಹೊದಿಕೆ ಸರಿಮಾಡಲು ಎಂದುಕೊಂಡೆ, ಆದರೆ ಹೊದಿಕೆಗೇ ಹೋಯಿತೋ ಇಲ್ಲವೋ ಗೊತ್ತಿಲ್ಲ. ಇದನ್ನೂ ತಿಳಿದುಕೊಂಡು ಮತ್ತೆ ಬರೆ.

ದ್ರೌಪದಿ


ಚಿತ್ರದುರ್ಗ
೧೦ ಮೇ ೧೯೧೨

ದ್ರೌಪದಿ, ಹೊದಿಕೆಗೇ ಹೋಯಿತು. ನೀನು ಏನೂ ಮಾಡುವುದಿಲ್ಲ. ನಿನ್ನಷ್ಟು ಒಳ್ಳೆಯ ತಾಯಿಯನ್ನು ನಾನು ನೋಡಿಲ್ಲ. ಊಟ ಮಾಡು, ಮಲಗು.

ಅಕ್ಕ


ಗವಿಪುರ
೧೯ ಮೇ ೧೯೧೨

ಅಕ್ಕ, ಈ ಸಲ ನೀನು ಖಂಡಿತ ಎಂಬ ಮಾತು ಬರೆದಿಲ್ಲ. ಮೊದಲ ಕಾಗದದಲ್ಲಿ ಬರೆದಿದ್ದೆ. ಈಗ ಯಾಕೆ ಬಿಟ್ಟೆ? ನಿನಗೇ ಅನುಮಾನ ಬಂದಿದೆಯೇ? ಮುಚ್ಚಿಡಬೇಡ.

ದ್ರೌಪದಿ


ಚಿತ್ರದುರ್ಗ
೨೩ ಮೇ ೧೯೧೨

ಖಂಡಿತ, ಖಂಡಿತ, ಖಂಡಿತ. ಸಾಕೇ? ಇಲ್ಲಿ ಈ ವಾರ ಉಸಿರಾಡಲು ಬಿಡುವಿಲ್ಲ.

ಅಕ್ಕ


ಗವಿಪುರ
೧ ಜೂನ್ ೧೯೧೨

ಅಕ್ಕ, ನಿನ್ನ ಕಾರ್ಡು ಬೇಜಾರಿನಲ್ಲಿ ಬರೆದಂತಿದೆ. ಬೇಜಾರಿನಲ್ಲಿ ಬರೆದದ್ದನ್ನು ನಂಬುವುದು ಹೇಗೆ? ಸಮಾಧಾನವಾಗಿ ಕೂತು, ಯೋಚಿಸಿ, ಒಂದೇ ಒಂದು ಸಲ ಬರೆದುಬಿಡು. ಆಮೇಲೆ ಕೇಳುವುದಿಲ್ಲ.

ದ್ರೌಪದಿ


ಚಿತ್ರದುರ್ಗ
೧೪ ಜುಲೈ ೧೯೧೨

ದ್ರೌಪದಿಗೆ,

ಜೂನ್ ತಿಂಗಳು ಪೂರ್ತಿ ನಿನಗೆ ಅದೇ ಸಾಲನ್ನು ಬರೆದೆ. ಆಮೇಲೆ ಕೇಳುವುದಿಲ್ಲ ಎಂದು ಪ್ರತಿ ಸಲವೂ ಬರೆಯುತ್ತೀ, ಪ್ರತಿ ಸಲವೂ ಕೇಳುತ್ತೀ. ನನ್ನ ಮಾತಿಗೆ ಒಂದು ದಿನದ ಬೆಲೆಯೂ ಇಲ್ಲದಿದ್ದರೆ ನಾನು ಯಾಕೆ ಬರೆಯಬೇಕು?

ಈಗ ನಿನಗೆ ಹೇಳದೆ ಇಟ್ಟುಕೊಂಡದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಇಲ್ಲಿ ಒಬ್ಬ ಬಾಣಂತಿಗೆ ಸನ್ನಿಯಾಗಿತ್ತು. ಅವಳ ಕೈಯಲ್ಲಿ ಆ ಮಗು ಉಳಿಯಲಿಲ್ಲ. ಆ ವಾರ್ಡಿನಲ್ಲಿ ಅವತ್ತು ಇದ್ದವಳು ನಾನು. ನಿನ್ನ ಏಪ್ರಿಲಿನ ಕಾಗದ ಓದಿದಾಗಿನಿಂದ ನನ್ನ ಕಣ್ಣ ಮುಂದೆ ಇರುವುದು ಅವಳೇ.

ನಿಮ್ಮ ಯಜಮಾನರ ಅಕ್ಕ ಸುಭದ್ರಮ್ಮ ಹೊಸಕೋಟೆಯಲ್ಲಿದ್ದಾರಲ್ಲ, ಮಕ್ಕಳಿಲ್ಲದವರು. ಸ್ವಲ್ಪ ಕಾಲ ಗಂಗಮ್ಮನನ್ನು ಅವರ ಬಳಿ ಬಿಡುವುದು ಒಳ್ಳೆಯದು. ನಿನಗೂ ವಿಶ್ರಾಂತಿ, ಮಗುವಿಗೂ ಕ್ಷೇಮ. ಅರ್ಜುನಪ್ಪನವರಿಗೂ ಹೀಗೆಯೇ ಬರೆದಿದ್ದೇನೆ. ಕಾರಣ ತಿಳಿಸಿದ್ದೇನೆ. ಬೈದುಕೊ.

ಅಕ್ಕ


ಗವಿಪುರ
೨೫ ಆಗಸ್ಟ್ ೧೯೧೨

ಅಕ್ಕ,

ಮಗುವನ್ನು ಕೊಟ್ಟಾಯಿತು. ಸುಭದ್ರಕ್ಕ, ಅವರ ಯಜಮಾನರು ಮುನಿರಾಮಪ್ಪನವರು ಗಾಡಿ ಕಟ್ಟಿಕೊಂಡು ಬಂದಿದ್ದರು. ನಾನೇ ಮಗುವನ್ನು ಅವರ ಕೈಗೆ ಕೊಟ್ಟೆ. ಅಳಲಿಲ್ಲ. ನಾನು ಅಳದೆ ಇದ್ದದ್ದು ನೋಡಿ ಪಕ್ಕದ ಮನೆಯವರು ಮುಖ ಮುಖ ನೋಡಿಕೊಂಡರು. ಒಳಗೆ ಏನೂ ಆಗಲಿಲ್ಲ. ಇನ್ನು ಅವಳು ಬದುಕಿದಳು ಅನ್ನಿಸಿತು, ಅಷ್ಟೇ.

ಹಾಲು ಇಂಗಲೆಂದು ಅತ್ತೆ ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಹೂ ಬಾಡಿದಾಗ ತೆಗೆದು ಬೇರೆ ಕಟ್ಟಿದರು. ಆ ವಾಸನೆ ಈಗ ನನಗೆ ಆಗುವುದಿಲ್ಲ. ತೊಟ್ಟಿಲು ಅಟ್ಟಕ್ಕೆ ಹೋಯಿತು. ಕುಡುಗೋಲುಗಳು ತೋಟಕ್ಕೆ ಹೋದವು. ನಾನು ತೋಟಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಕೂತಿರುತ್ತೇನೆ. ಇವರು ಬಂದು ಊಟ ಮಾಡಿದೆಯಾ ಎಂದು ಕೇಳುತ್ತಾರೆ. ಮಾಡಿದೆ ಅನ್ನುತ್ತೇನೆ.

ಖಂಡಿತ ಮಾಡುವುದಿಲ್ಲ ಎಂದು ಬರೆದ ಕೈಯಿಂದಲೇ ಮಗುವನ್ನು ದೂರ ಇಡು ಎಂದೂ ಬರೆದೆ. ಯಾವುದನ್ನು ನಂಬಬೇಕೆಂದು ನನಗೆ ಗೊತ್ತಾಯಿತು. ಕೋಪವಿಲ್ಲ.

ಒಂದು ವಿಷಯ. ಮಗು ಹೋದರೆ ಆ ಯೋಚನೆಯೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಿಲ್ಲ. ಈಗ ಇವರು ಮಧ್ಯಾಹ್ನ ಮಲಗಿದ್ದಾಗ ಇವರ ಬಗ್ಗೆ ಬರುತ್ತದೆ. ಇವರಿಗೆ ನನ್ನಿಂದ ಏನೂ ಆಗುವುದಿಲ್ಲ ತಾನೆ? ಬರೆ.

ದ್ರೌಪದಿ


ಚಿತ್ರದುರ್ಗ
೧೯ ಸೆಪ್ಟೆಂಬರ್ ೧೯೧೨

ದ್ರೌಪದಿ,

ತಡವಾಯಿತು. ನಿನ್ನ ಕೊನೆಯ ಕಾಗದ ಓದಿ ನನಗೇ ಏನೋ ಹೊಳೆಯಿತು. ಸನ್ನಿಯಾದವಳಿಗೆ ಹೀಗೆ ಆಗುವುದಿಲ್ಲ. ಇಲ್ಲಿಗೆ ಹೊಸದಾಗಿ ಡಾಕ್ಟರ್ ಗಿರಿಜಾಂಬಾ ಎಂಬವರು ಬಂದಿದ್ದಾರೆ, ಮದರಾಸಿನಲ್ಲಿ ಓದಿದವರು. ಹೆಸರು ಹೇಳದೆ ಅವರಿಗೆ ಎಲ್ಲ ಹೇಳಿದೆ. ನಾನು ಬರೆದ ಉತ್ತರಗಳನ್ನೂ ಹೇಳಿದೆ.

ಅವರು ಹೇಳಿದ್ದು ಇದು. ಆ ಸನ್ನಿಯ ಹೆಂಗಸಿಗೆ ತಾನು ಮಾಡುವುದು ಸರಿ ಅನ್ನಿಸಿತ್ತು. ಅವಳು ಹೆದರಲಿಲ್ಲ. ನಿನ್ನದು ಬೇರೆ ಕಾಯಿಲೆ. ಸಂಶಯದ ಕಾಯಿಲೆ ಎಂದು ಫ್ರಾನ್ಸಿನ ವೈದ್ಯರು ಹೆಸರಿಟ್ಟಿದ್ದಾರಂತೆ. ಬೇಡದ ಯೋಚನೆ ಎಲ್ಲರ ತಲೆಗೂ ಬರುತ್ತದೆ, ಥೂ ಇದೇನು ಎಂದು ಬಿಟ್ಟು ಮುಂದೆ ಹೋಗುತ್ತೇವೆ. ಈ ಕಾಯಿಲೆಯವರಿಗೆ ಬಿಡಲು ಆಗುವುದಿಲ್ಲ. ಯಾವುದು ಅವರಿಗೆ ಎಲ್ಲಕ್ಕಿಂತ ಬೇಕೋ ಅದರ ಮೇಲೇ ಬಂದು ಕೂರುತ್ತದೆ. ಇದು ಇಲ್ಲವೇ ಇಲ್ಲ ಎಂದು ಖಾತ್ರಿಯಾಗಬೇಕು ಅನ್ನಿಸುತ್ತದೆ. ಬಚ್ಚಿಡುತ್ತಾರೆ, ಕೇಳುತ್ತಾರೆ, ನೋಡಿಕೊಳ್ಳುತ್ತಾರೆ. ಆ ಗಳಿಗೆಗೆ ಹಾಯಾಗುತ್ತದೆ, ಆಮೇಲೆ ಮೊದಲಿಗಿಂತ ಹೆಚ್ಚಾಗುತ್ತದೆ. ಮದರಾಸಿನಲ್ಲಿ ಅವರು ನೋಡಿದ ಒಬ್ಬ ಗುಮಾಸ್ತ ಮನೆಗೆ ಬೀಗ ಹಾಕಿ, ಬೀದಿ ತುದಿಯಿಂದ ವಾಪಸು ಬಂದು ಎಳೆದು ನೋಡಿ, ಮತ್ತೆ ಹೋಗಿ, ಮತ್ತೆ ಬಂದು, ಕೊನೆಗೆ ಕಚೇರಿಗೆ ಹೋಗುವುದನ್ನೇ ಬಿಟ್ಟನಂತೆ. ಬೀಗವನ್ನು ಕೈಯಲ್ಲೇ ಹಿಡಿದು ನೋಡಿದರೂ ಮನಸ್ಸು ಒಪ್ಪುವುದಿಲ್ಲ. ನಿನಗೆ ಬೀಗದ ಬದಲು ನನ್ನ ಕಾಗದ.

"ನೀವು ಪ್ರೀತಿಯಿಂದಲೇ ಬರೆದಿದೀರಿ ಮುತ್ಯಾಲಮ್ಮ. ಆದ್ರೆ ಕಾಯಿಲೆಗೆ ಅನ್ನ ಹಾಕಿದ್ದು ನೀವೇ," ಅಂದರು ಡಾಕ್ಟರಮ್ಮ. ಮಗುವನ್ನು ದೂರ ಕಳಿಸಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು ಎಂದೂ ಅಂದರು. ಆ ತಪ್ಪು ನನ್ನದು.

ಇದಕ್ಕೆ ಅವರ ಹತ್ತಿರ ಔಷಧಿ ಇಲ್ಲ. ತಾನು ನೋಡಿದ್ದು ಒಬ್ಬನನ್ನು ಮಾತ್ರ, ಉಳಿದದ್ದು ಓದಿದ್ದು ಎಂದು ಅವರೇ ಹೇಳಿದರು. ಅವರು ಹೇಳಿದ ದಾರಿ ಇಷ್ಟೇ: ಯೋಚನೆ ಬಂದರೆ ಬರಲಿ, ಓಡಿಸಲು ಹೋಗಬೇಡ. ಕೈ ಬಚ್ಚಿಟ್ಟುಕೊಳ್ಳಬೇಡ. ಕುಡುಗೋಲಿನಿಂದ ದೂರ ಇರಬೇಡ. ಯಾರನ್ನೂ ಕೇಳಬೇಡ. ಕೇಳಿದರೂ ಯಾರೂ ಉತ್ತರ ಕೊಡಬಾರದು.

ಅರ್ಜುನಪ್ಪನವರಿಗೂ ನಿಮ್ಮ ಅತ್ತೆಗೂ ಇದನ್ನೆಲ್ಲ ಬರೆದಿದ್ದೇನೆ. ನಿನ್ನ ಆ ಪ್ರಶ್ನೆಗೆ ನಾನು ಇನ್ನು ಉತ್ತರ ಬರೆಯುವುದಿಲ್ಲ. ನಿನ್ನ ಯಜಮಾನರ ಬಗ್ಗೆ ಕೇಳಿದ್ದಕ್ಕೂ ಇಲ್ಲ. ಈ ಕಾಗದದಲ್ಲೂ ಒಂದು ಉತ್ತರ ಹುಡುಕಿ ತೆಗೆಯುತ್ತೀ, ಅದರ ಸಮಾಧಾನ ಒಂದು ವಾರ ನಡೆಯುತ್ತದೆ. ಅಷ್ಟಕ್ಕೆ ಮುಗಿಯಲಿ.

ಅಕ್ಕ


ಗವಿಪುರ
೨ ಅಕ್ಟೋಬರ್ ೧೯೧೨

ಹೆಸರು ಗೊತ್ತಾಯಿತು. ಹೆಸರು ಇಟ್ಟುಕೊಂಡು ನಾನೇನು ಮಾಡಲಿ? ಇದು ಆ ಕಾಯಿಲೆಯೇ ಹೌದೆಂದು ಡಾಕ್ಟರಮ್ಮನಿಗೆ ನನ್ನನ್ನು ನೋಡದೆ ಹೇಗೆ ಗೊತ್ತು? ನಾನು ಒಬ್ಬಳು ಕೆಟ್ಟ ಹೆಂಗಸಾಗಿದ್ದು, ಕಾಯಿಲೆಯ ನೆಪ ಹೇಳಿಕೊಂಡಿದ್ದರೆ? ಇದೊಂದಕ್ಕೆ ಉತ್ತರ ಬರೆ. ಇದು ಆ ಪ್ರಶ್ನೆ ಅಲ್ಲ, ಬೇರೆ.

ದ್ರೌಪದಿ


ಚಿತ್ರದುರ್ಗ
೭ ಅಕ್ಟೋಬರ್ ೧೯೧೨

ದ್ರೌಪದಿಗೆ,

ಇಲ್ಲಿ ಈ ವರ್ಷ ಶೇಂಗಾ ಚೆನ್ನಾಗಿ ಬಂದಿದೆ. ನಮ್ಮ ಆಯಾ ಗುರುಬಸಮ್ಮನ ಮಗಳಿಗೆ ಮದುವೆ ಗೊತ್ತಾಗಿದೆ. ಗಂಡು ಗಿಡ್ಡ ಎಂದು ಹುಡುಗಿ ಮುಖ ಊದಿಸಿಕೊಂಡಿದ್ದಾಳೆ. ಸ್ಟೂಲಿನ ಮೇಲೆ ನಿಲ್ಲಿಸಿ ಧಾರೆ ಎರೆದರಾಯಿತು ಎಂದು ನಾನು ಅಂದದ್ದಕ್ಕೆ ಅವಳ ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಿನ್ನ ಕಾಗದ ಓದಿದೆ. ಎರಡು ಸಲ ಉತ್ತರ ಬರೆದು ಹರಿದೆ. ಇದು ಮೂರನೆಯದು.

ಅಕ್ಕ


ಚಿತ್ರದುರ್ಗ
೨೮ ನವೆಂಬರ್ ೧೯೧೨

ದ್ರೌಪದಿ,

ನಿನ್ನಿಂದ ಒಂದು ಕಾರ್ಡೂ ಇಲ್ಲ. ಅರ್ಜುನಪ್ಪನವರಿಗೆ ಬರೆದೆ, ಅವರೂ ಬರೆದಿಲ್ಲ. ಕೋಪವಾದರೆ ಕೋಪವೆಂದು ಬರೆ. ಬದುಕಿದ್ದೇನೆಂದು ಬರೆ. ಟಪ್ಪಾಲಿನವನು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತೇನೆ. ಈಗ ನಾನು ಕೇಳುವವಳಾದೆ.

ಅಕ್ಕ


ಗವಿಪುರ
೧೨ ಜನವರಿ ೧೯೧೩

ಅಕ್ಕ,

ಬದುಕಿದ್ದೇನೆ. ಬರೆಯಲು ಕೂತರೆ ಆ ಪ್ರಶ್ನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅದಕ್ಕೆ ಬರೆಯಲಿಲ್ಲ.

ಇವರನ್ನು ಕೇಳಿದೆ. ಇವರು, "ನಿಮ್ಮಕ್ಕ ಹೇಳಬೇಡಿ ಅಂದವ್ರೆ" ಅಂದು ಎದ್ದು ಹೋದರು. ಜಗಲಿಯ ಮೇಲೆ ಕೂತು ಅಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಅತ್ತೆಯನ್ನು ಕೇಳಿದೆ. ಅವರು ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡರು. ನಿನ್ನ ಹಳೇ ಕಾಗದಗಳನ್ನು ನಾನೇ ಒಲೆಗೆ ಹಾಕಿದೆ. ಹಾಕಿದ ಮೇಲೆ ಬೂದಿಯಲ್ಲಿ ಕೈಯಾಡಿಸಿ ಹುಡುಕಿದೆ.

ಸಂಕ್ರಾಂತಿ ಹತ್ತಿರ ಬಂತು, ತೋಟದಲ್ಲಿ ಆಳು ಸಾಲದು. ಅತ್ತೆ ಒಂದು ದಿನ ಕುಡುಗೋಲು ತಂದು ನನ್ನ ಮುಂದೆ ಇಟ್ಟು, "ಬಸವನಗುಡಿ ಮನೆಗಳಿಗೆ ಸೊಪ್ಪು ಹೋಗಬೇಕು, ಏಳಮ್ಮಿ" ಅಂದರು. ಎದ್ದೆ. ಕೆಂಪಾಂಬುಧಿ ಕೆರೆಯ ಕಡೆಯ ಮಡಿಗಳಲ್ಲಿ ದಂಟು ಕೊಯ್ದೆ. ಅತ್ತೆ ಪಕ್ಕದ ಮಡಿಯಲ್ಲಿ ನನಗೆ ಬೆನ್ನು ಹಾಕಿ ಕೂತು ಕೊತ್ತಂಬರಿ ಕಿತ್ತರು. ಅವರ ಕತ್ತು ನನಗೆ ಕಾಣುತ್ತಿತ್ತು. ಯೋಚನೆ ಬಂತು. ಓಡಲಿಲ್ಲ. ಅವರು ಹಿಂದೆ ತಿರುಗಿ ನೋಡಲಿಲ್ಲ. ಸೊಪ್ಪು ಕೊಯ್ದು ಮುಗಿಯಿತು.

ಈಗ ದಿನವೂ ಹೋಗುತ್ತೇನೆ. ಸಂತೋಷವೂ ಇಲ್ಲ, ದುಃಖವೂ ಇಲ್ಲ. ಗಂಗಮ್ಮನಿಗೆ ಹಲ್ಲು ಬಂದಿದೆಯಂತೆ, ಹೊಸಕೋಟೆಯಿಂದ ಬಂದವರು ಹೇಳಿದರು. ಕೇಳಿದೆ, ಸೊಪ್ಪಿನ ಕಟ್ಟು ಕಟ್ಟಿದೆ.

ದ್ರೌಪದಿ


ಚಿತ್ರದುರ್ಗ
೧೮ ಜನವರಿ ೧೯೧೩

ದ್ರೌಪದಿ,

ನಿನ್ನ ಕಾಗದವನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ಮಗು ಯಾವಾಗ ಕರೆಸ್ತಾರೆ?" ಎಂದರು. ವಾಸಿಯಾದ ಮೇಲೆ ಅಂದೆ. "ವಾಸಿ ಆಗೋ ತನಕ ಕಾದ್ರೆ ವಾಸಿನೂ ಆಗಲ್ಲ, ಮಗೂನೂ ಬರಲ್ಲ" ಎಂದರು.

ಸುಭದ್ರಮ್ಮನವರು ಆ ಮಗುವಿಗೆ ಎಷ್ಟು ಒಗ್ಗಿಹೋಗಿರಬಹುದೆಂದು ನನಗೆ ಗೊತ್ತು. ಒಂದು ವರ್ಷ ದಾಟಿದರೆ ಕೊಡುವುದಿಲ್ಲ. ಕಳಿಸು ಎಂದವಳು ನಾನೇ, ಮಗುವನ್ನು ನಾನು ತರಲಾರೆ. ನೀನೇ ಹೋಗಬೇಕು.

ಅಕ್ಕ


ಗವಿಪುರ
೧೩ ಏಪ್ರಿಲ್ ೧೯೧೩

ಅಕ್ಕ,

ಮೊನ್ನೆ ಹೊಸಕೋಟೆಗೆ ಹೋಗಿದ್ದೆವು. ಇವರು, ಅತ್ತೆ, ನಾನು. ಅಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗಂಗಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು. ನನ್ನನ್ನು ನೋಡಿ ಸುಭದ್ರಕ್ಕನ ಸೀರೆಯೊಳಗೆ ಮುಖ ಮುಚ್ಚಿಕೊಂಡಳು. ಸುಭದ್ರಕ್ಕನನ್ನು ಅಮ್ಮ ಎಂದು ಕರೆಯುತ್ತಾಳೆ. ಊಟವಾಯಿತು. ಮಗುವನ್ನು ಕರೆದುಕೊಂಡು ಹೋಗಲು ಬಂದಿದ್ದೇವೆಂದು ಇವರು ಅಂದರು. ಸುಭದ್ರಕ್ಕ ಮಗುವನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ವಾಸಿ ಆಯ್ತಾ ನಿಂಗೆ?"

"ಇಲ್ಲ," ಅಂದೆ.

"ಹಂಗಾರೆ ಹೆಂಗೆ ಕೊಡ್ಲಿ? ಇರ್ಲಿ. ದೀಪ ಮುಟ್ಟಿ ಆಣೆ ಮಾಡು, ಮಗೀಗೆ ಏನೂ ಮಾಡಲ್ಲ ಅಂತ. ಈಗ್ಲೇ ಎತ್ಕೊಂಡು ಹೋಗು, ನಾನು ಅಡ್ಡ ಬರಲ್ಲ."

ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಎಷ್ಟು ಆಸೆಯಾಯಿತೆಂದು ನಿನಗೆ ಹೇಗೆ ತಿಳಿಸಲಿ? ಮುಟ್ಟಿ ಹೇಳಿಬಿಟ್ಟರೆ ಮುಗಿಯಿತು, ಮಗುವೂ ಸಿಕ್ಕಿತು. ಎದ್ದು ನಿಂತೆ ಕೂಡ. ಆದರೆ ಗಾಡಿ ಹತ್ತುವ ಮೊದಲೇ ಶುರುವಾಗುತ್ತದೆಂದು ನನಗೆ ಗೊತ್ತಿತ್ತು: ಸರಿಯಾಗಿ ಮುಟ್ಟಿದೆನೋ ಇಲ್ಲವೋ, ಮನಸ್ಸಿನಲ್ಲಿ ಬೇರೆ ಏನಾದರೂ ಇತ್ತೋ, ಸುಳ್ಳು ಆಣೆಯಾಗಿದ್ದರೆ ಮಗುವಿಗೆ ತಟ್ಟುತ್ತದೋ. ಮತ್ತೆ ದೀಪ, ಮತ್ತೆ ಆಣೆ. ಈ ಜನ್ಮಕ್ಕೆ ಮುಗಿಯುವುದಿಲ್ಲ.

"ಆಣೆ ಮಾಡಲ್ಲ ಸುಭದ್ರಕ್ಕ. ಮುಂದೆ ಏನಾಗ್ತದೋ ನಂಗೆ ಗೊತ್ತಿಲ್ಲ. ಮಗೂನ ಕೊಡಿ," ಅಂದೆ.

"ಕೇಳಿದ್ರಾ?" ಅಂದರು ಮುನಿರಾಮಪ್ಪನವರು. "ಬಾಯಲ್ಲೇ ಒಪ್ಕೊಂಡ್ಲು. ಇನ್ನೇನೈತೆ ಮಾತು?"

ಇವರು ತಲೆ ತಗ್ಗಿಸಿ ಕೂತರು. ಮುಗಿಯಿತು ಎಂದುಕೊಂಡೆ. ನನಗೆ ಆಗಲೂ ಅಳು ಬರಲಿಲ್ಲ. ಬಾಗಿಲ ಬಳಿ ಕೂತಿದ್ದ ಅತ್ತೆ ಹೊರಗೆ ಉಗಿದು ಬಂದು ಮಾತಾಡಿದರು.

"ಅರ್ಜುನ ಆಗ ಎಳೆಗೂಸು. ಇವನನ್ನ ಎತ್ಕೊಂಡು ಕಪಿಲೆ ಬಾವಿ ಕಟ್ಟೆ ಮೇಲೆ ನಿಂತಿದ್ದೆ. ಬಿಟ್ಬಿಡು ಅಂತು ಮನಸು. ಯಾವ ಕಷ್ಟಾನೂ ಇರ್ಲಿಲ್ಲ ನಂಗೆ, ಜಗಳಾನೂ ಇರ್ಲಿಲ್ಲ. ಸುಮ್ನೆ ಅಂತು. ಮನೆಗೆ ಬಂದೋಳು ಇವನು ನಡೆಯೋ ತನಕ ಬಾವಿ ಕಡೆ ತಲೆ ಹಾಕ್ಲಿಲ್ಲ. ಸೊಂಟನೋವು ಅಂದೆ, ನಿಮ್ಮಪ್ಪ ನೀರು ಸೇದಿ ತಂದಾಕಿದ್ರು. ಗಾಳಿ ಸೋಕೈತೆ ಅಂತ ನಾನೇ ತಲೆದೆಸೇಲಿ ಕುಡ್ಲು ಇಟ್ಕೊಂಡು ಮಲಗಿದ್ದೆ. ಅವತ್ತು ನನ್ನ ಯಾರಾದ್ರೂ ಆಣೆ ಮಾಡು ಅಂದಿದ್ರೆ ನಾನೂ ಮಾಡ್ತಿರ್ಲಿಲ್ಲ."

ಇವರು ತಲೆ ಎತ್ತಿ ತಮ್ಮ ತಾಯಿಯನ್ನು ನೋಡಿದರು. ಅತ್ತೆ ಇವರನ್ನು ನೋಡಲಿಲ್ಲ.

"ಕೊಡು ಮಗೀನ," ಅಂದರು ಸುಭದ್ರಕ್ಕನಿಗೆ.

ಸುಭದ್ರಕ್ಕ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಅತ್ತೆಯ ಮಡಿಲಿಗೆ ಹಾಕಿ ಒಳಗೆ ಹೋದರು. ನಾವು ಹೊರಡುವಾಗ ಕುಂಕುಮ ಕೊಡಲೂ ಬರಲಿಲ್ಲ. ಅವರಿಗೆ ನಾವು ಮಾಡಿದ್ದು ದೊಡ್ಡ ಅನ್ಯಾಯ ಅಕ್ಕ. ಅದಕ್ಕೆ ಯಾವ ಕಾಯಿಲೆಯ ಹೆಸರೂ ಇಲ್ಲ.

ಗಾಡಿಯಲ್ಲಿ ಅತ್ತೆಯ ಜೊತೆ ಬಾವಿಯ ಮಾತು ಎತ್ತಿದೆ. "ಸಾಕು ಸುಮ್ನಿರು" ಅಂದರು. ಗಂಗಮ್ಮ ದಾರಿಯುದ್ದಕ್ಕೂ ಅಮ್ಮ ಅಮ್ಮ ಎಂದು ಹಿಂದಕ್ಕೆ ಕೈ ಚಾಚಿ ಅತ್ತಳು. ನಾನು ಎತ್ತಿಕೊಂಡರೆ ಮೈ ಬಿಗಿಮಾಡಿ ಜಾರುತ್ತಾಳೆ. ಇವತ್ತಿಗೂ ಹಾಗೇ.

ಈಗ ಅತ್ತೆ ತೋಟದಲ್ಲಿದ್ದಾರೆ. ಇವರು ಪೇಟೆಗೆ ಹೋಗಿದ್ದಾರೆ. ಮನೆಯಲ್ಲಿ ನಾವಿಬ್ಬರೇ. ಇಷ್ಟು ಬರೆಯುವಷ್ಟರಲ್ಲಿ ಆ ಯೋಚನೆ ಬಂದಿದೆ, ಇಲ್ಲೇ ಇದೆ. ಮಗು ಎದ್ದು ಅಳುತ್ತಿದ್ದಾಳೆ. ಗಂಜಿ ಆರಿದೆ. ಎತ್ತಿಕೊಳ್ಳಬೇಕು, ಏಳುತ್ತೇನೆ.

ದ್ರೌಪದಿ